ಬಳೆಗೆ ಸುತ್ತಿದ ಅರಿವೆ

ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ವೇಳಾಪತ್ರಿಕೆ ಇತ್ತು. ಅಪ್ಪ ಅದನ್ನು ದಪ್ಪ ಹಾಳೆಯ ಮೇಲೆ ಪಟ್ಟಿ ಇಟ್ಟು ಗೆರೆ ಹೊಡೆದು, ದುಂಡು ಅಕ್ಷರದಲ್ಲಿ ಬರೆದಿದ್ದರು. ನಾಲ್ಕೂ ಮುಕ್ಕಾಲಿಗೆ ಏಳುವುದು. ಐದರಿಂದ ಆರು, ದನಿ ಸಾಧನೆ. ಆರರಿಂದ ಏಳು, ಗಣಿತ. ಹೀಗೆ ರಾತ್ರಿ ಎಂಟೂವರೆಗೆ ಮಲಗುವವರೆಗೂ. ಶಲವಡಿಯ ಉಳಿದ ಹುಡುಗಿಯರು ಹೊತ್ತು ನೋಡಿ ಏಳುತ್ತಿದ್ದರು, ನಾನು ಗಡಿಯಾರ ನೋಡಿ ಏಳುತ್ತಿದ್ದೆ. ಆ ರೂಢಿ ಇಂದಿಗೂ ಬಿಟ್ಟಿಲ್ಲ. ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಐದರಿಂದ ಆರರವರೆಗಿನ ಆ ಒಂದು ತಾಸಿನ ಬಗ್ಗೆ ಬರೆಯಬೇಕೆಂದು ಬಹಳ ವರ್ಷಗಳಿಂದ ಅಂದುಕೊಂಡು ಮುಂದೂಡಿದ್ದೆ. ಈಗ ಬರೆಯುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಪ್ಪ ಊರಿನ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು. ನವಲಗುಂದದಲ್ಲಿ ನಡೆದ ತಾಲೂಕು ಮಟ್ಟದ ಸ್ಪರ್ಧೆಯಲ್ಲಿ ನಾನು ಒಂದು ವಚನ ಹೇಳಿದೆ. ಧಾರವಾಡದ ರೇಡಿಯೋ ಕೇಂದ್ರದಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಅಪ್ಪನನ್ನು ಬಾಜೂಕ್ಕೆ ಕರೆದು ಮಾತನಾಡಿದರು. ಮುಂದಿನ ತಿಂಗಳು ದನಿ ಪರೀಕ್ಷೆ ಆಯಿತು, ಪಾಸಾದೆ. ಆಗ ನನಗೆ ಒಂಬತ್ತು ವರ್ಷ.

ಭಾನುವಾರ ಮುಂಜಾನೆ ಒಂಬತ್ತರ ಹೊತ್ತಿಗೆ ಬರುತ್ತಿದ್ದ ಮಕ್ಕಳ ಕಾರ್ಯಕ್ರಮ ಅದು. ಅದನ್ನು ನಡೆಸುತ್ತಿದ್ದವರು ಅದೇ ಹೆಣ್ಣುಮಗಳು. ಮಕ್ಕಳೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಮೊದಲಿಗೆ ನಾನು ನಾಲ್ಕು ಸಾಲಿನ ಹಾಡು ಹಾಡಬೇಕು. ಆಮೇಲೆ ಹತ್ತು ನಿಮಿಷದ ನಾಟಕ. ಒಂದು ಮನೆ, ಒಬ್ಬ ಅಜ್ಜ, ಒಬ್ಬ ಅಣ್ಣ, ಎಲ್ಲದಕ್ಕೂ ಪ್ರಶ್ನೆ ಕೇಳುವ ಒಬ್ಬ ತಂಗಿ. ಆ ತಂಗಿ ನಾನು. ಮಳೆ ಯಾಕೆ ಬರುತ್ತದೆ, ಇರುವೆ ಯಾಕೆ ಸಾಲಾಗಿ ಹೋಗುತ್ತದೆ, ಅಜ್ಜನ ಹಲ್ಲು ಎಲ್ಲಿ ಹೋದವು. ಜನ ಅದನ್ನು ಬಹಳ ಮೆಚ್ಚಿದರು. ಕೇಂದ್ರಕ್ಕೆ ಕಾರ್ಡುಗಳು ಬರುತ್ತಿದ್ದವು. ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಚಹಾ ಮಾರುವವನು ಒಮ್ಮೆ ನನ್ನನ್ನು ಮಾತನಾಡಿಸಿ, ದನಿ ಗುರುತು ಹಿಡಿದು, ಅಪ್ಪನ ಹತ್ತಿರ ದುಡ್ಡು ತೆಗೆದುಕೊಳ್ಳಲಿಲ್ಲ. ಅಪ್ಪ ಮರುವಾರ ಹೋದಾಗ ಕೊಟ್ಟರು. ನಾಲ್ಕು ವರ್ಷ ನಾನು ಆ ತಂಗಿಯಾಗಿದ್ದೆ. ನಾನು ಬೆಳೆಯುತ್ತ ಹೋದೆ. ಅವಳಿಗೆ ಮಾತ್ರ ಏಳೇ ವರ್ಷ.

ಊರಲ್ಲಿ ನನ್ನ ಹೆಸರು ಹೋಗಿ ರೇಡಿಯೋ ಎಂದಾಯಿತು. ಶಾಲೆಯ ಹುಡುಗರು ದಾರಿಗೆ ಅಡ್ಡ ನಿಂತು, "ಏ ರೇಡಿಯೋ, ನಿನ್ನ ಕಿವಿ ಹಿಂಡಿದರ ಬಾತ್ಮಿ ಬರ್ತೈತೇನ?" ಎನ್ನುತ್ತಿದ್ದರು. ತಿರುಗಿ ಬೈಯುವಂತಿರಲಿಲ್ಲ, ಒದರಿದರೆ ದನಿ ಕೆಡುತ್ತದೆ. ಬಾರಿಹಣ್ಣು ತಿನ್ನುವಂತಿರಲಿಲ್ಲ, ಪೇರಲ ತಿನ್ನುವಂತಿರಲಿಲ್ಲ, ಹುಣಸೆ ಮುಟ್ಟುವಂತಿರಲಿಲ್ಲ. ಕೆರೆಯ ನೀರನ್ನು ಅವ್ವ ಕಾಯಿಸಿ, ಸೋಸಿ, ನನಗೆಂದೇ ಒಂದು ತಂಬಿಗೆಯಲ್ಲಿ ಇಡುತ್ತಿದ್ದಳು. ಕುಂಟಾಟದಲ್ಲಿ ಕೂಗಬೇಕಾಗುತ್ತದೆಂದು ಆಟ ನಿಂತಿತು. ಗೆಳತಿಯರು ಎರಡು ತಿಂಗಳು ಕರೆದರು, ಆಮೇಲೆ ಕರೆಯಲಿಲ್ಲ.

ದನಿ ಸಾಧನೆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅಪ್ಪನ ಹತ್ತಿರ ಶಾಲೆಯ ಕೀಲಿ ಇತ್ತು. ಐದಕ್ಕೆ ನಾವಿಬ್ಬರೂ ಊರ ಹೊರಗಿನ ಶಾಲೆಗೆ ಹೋಗಿ, ನಾಲ್ಕನೆಯ ಇಯತ್ತೆಯ ಕೋಣೆಯ ಬಾಗಿಲು ಮುಚ್ಚಿ, ಕಂದೀಲಿನ ಬೆಳಕಿನಲ್ಲಿ ಕೂರುತ್ತಿದ್ದೆವು. ನಾನು ಹಾಡಬೇಕು, ಅಪ್ಪ ಪೆನ್ಸಿಲಿನಿಂದ ತಪ್ಪಿಗೆ ಗುರುತು ಹಾಕಬೇಕು. ಮನೆಯಲ್ಲಿ ನನಗೆ ಹಾಡಲು ಅಪ್ಪಣೆ ಇರಲಿಲ್ಲ. ಹಾಗೆಯೇ ಹಾಡುತ್ತ ಓಡಾಡಿದರೆ ದನಿ ಒರಟಾಗುತ್ತದೆ, ಅದನ್ನು ಕೆಲಸಕ್ಕೆ ಮಾತ್ರ ತೆಗೆಯಬೇಕು ಎಂಬುದು ಅವರ ನಿಯಮ.

ಈ ನಿಯಮದಿಂದ ಪೆಟ್ಟು ತಿಂದವಳು ಆಯಿ, ಅಂದರೆ ಅಪ್ಪನ ತಾಯಿ.

ನನಗೆ ಹಾಡು ಕಲಿಸಿದವಳೇ ಆಯಿ. ಊರಿಗೆ ಹಿಟ್ಟಿನ ಗಿರಣಿ ಬಂದಿದ್ದರೂ ಅವಳು ಬೇಳೆಯನ್ನು, ಮದುವೆಯ ಅರಿಷಿಣವನ್ನು ಬೀಸುಕಲ್ಲಿನಲ್ಲೇ ಬೀಸುತ್ತಿದ್ದಳು. ನಾನು ಎದುರಿಗೆ ಕೂತು ಗೂಟಕ್ಕೆ ಕೈ ಹಚ್ಚುತ್ತಿದ್ದೆ. ಅವಳು ಒಂದು ಸಾಲು ಹಾಡಿದರೆ ನಾನು ಮರುಸಾಲು. ಅವಳಿಗೆ ಬಹಳ ಸೇರುತ್ತಿದ್ದ ಒಂದು ಪದವಿತ್ತು. ಗಂಡನ ಮನೆಯಲ್ಲಿ ಬೀಸುತ್ತ ಕೂತ ಮಗಳು, ಹಿಟ್ಟಿನ ವಾಸನೆಗೆ ತವರಿನ ಅಂಗಳ ನೆನೆಸಿಕೊಂಡು, ಕಲ್ಲನ್ನು ಹಗುರಾಗು ಎಂದು ಬೇಡಿಕೊಳ್ಳುವ ಪದ. ಒಂಬತ್ತು ತುಂಬುವ ತನಕ ಅದನ್ನು ನಾನು ದಿನಾ ಹಾಡಿದೆ. ರೇಡಿಯೋ ಬಂದ ಮೇಲೆ ಆಯಿ ಒಬ್ಬಳೇ ಎರಡೂ ಸಾಲು ಹಾಡಿಕೊಂಡು ಬೀಸುತ್ತಿದ್ದಳು.

ಹಾಗೆಂದು ರೇಡಿಯೋದಲ್ಲಾದರೂ ಅವಳು ನನ್ನನ್ನು ಕೇಳಿದಳೇ ಎಂದರೆ ಅದೂ ಇಲ್ಲ. ರೇಡಿಯೋ ಇದ್ದದ್ದು ಪಂಚಾಯ್ತಿಯವರದು, ಚಾವಡಿಯ ಗೋಡೆಗೆ. ಕಟ್ಟೆಯ ಮೇಲೆ ಗಂಡಸರು ಕೂತು ಕೇಳುತ್ತಿದ್ದರು. ನಮ್ಮ ಮನೆತನದ ಹೆಣ್ಣುಮಕ್ಕಳು ಚಾವಡಿಯ ಮುಂದೆ ಹಾಯ್ದು ಹೋಗುವುದೇ ಇಲ್ಲ, ಹಿಂದಿನ ಓಣಿಯಿಂದ ಸುತ್ತಿ ಹೋಗಬೇಕು. ಬಾಜೂ ಮನೆಯವರ ಹತ್ತಿರ ಟ್ರಾನ್ಸಿಸ್ಟರ್ ಇತ್ತು, ಆದರೆ ಹೊಲದ ಬದುವಿನ ಜಗಳದಲ್ಲಿ ಅವರೊಡನೆ ಮಾತು ಬಿಟ್ಟಿತ್ತು. ನಮ್ಮ ಮನೆಗೊಂದು ರೇಡಿಯೋ ತರುವುದು ಅಪ್ಪನಿಗೆ ಸಾಧ್ಯವಿತ್ತು. ತರಲಿಲ್ಲ. ತನ್ನ ದನಿಯನ್ನು ತಾನೇ ಕೇಳಿದ ಹುಡುಗಿಗೆ ಸೊಕ್ಕು ಬರುತ್ತದೆ ಎಂದರು. ಭಾನುವಾರ ಒಂಬತ್ತಕ್ಕೆ ಅವರು ಚಾವಡಿಗೆ ಹೋಗಿ, ಕಟ್ಟೆಯ ಮೇಲೆ ಕೂರದೆ, ಕಂಬಕ್ಕೆ ಒತ್ತಿ ನಿಂತು, ವಹಿಯಲ್ಲಿ ತಪ್ಪು ಬರೆದುಕೊಂಡು ಬರುತ್ತಿದ್ದರು. ನನಗೆ ಆ ಹೊತ್ತಿಗೆ ಮನೆಯಲ್ಲಿ ಲೆಕ್ಕ. ಆಯಿ ನನ್ನ ಎದುರಿಗೆ ಬಂದು ಕೂರುತ್ತಿದ್ದಳು.

"ಈಗ ನೀ ಅಲ್ಲಿ ಹಾಡಾಕತ್ತಿ, ಇಲ್ಲಿ ನನ್ನ ಮುಂದನೂ ಕುಂತಿ," ಎಂದಳು ಒಂದು ದಿನ. "ಇಬ್ಬರಾಗ ಖರೇದಾಕಿ ಯಾರು ಹೇಳ?"

"ಅಲ್ಲಿದ್ದಾಕಿ," ಎಂದೆ ನಾನು, ಲೆಕ್ಕದಿಂದ ತಲೆ ಎತ್ತದೆ.

"ಹಂಗಾರ ಇಲ್ಲಿದ್ದಾಕಿ ಯಾರವಾ, ಬಾಡಿಗೀಗೆ ತಂದಾಕಿ?" ಎಂದು ನಕ್ಕಳು. ನಾನೂ ನಕ್ಕೆ, ಬಾಯಿ ಮುಚ್ಚಿಕೊಂಡು.

ರಿಕಾರ್ಡಿಂಗ್ ಶನಿವಾರ. ಮುಂಜಾನೆ ಬಸ್ಸಿಗೆ ಅಣ್ಣಿಗೇರಿ, ಅಲ್ಲಿಂದ ರೈಲಿಗೆ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಮತ್ತೆ ಬಸ್ಸಿಗೆ ಧಾರವಾಡ. ಸ್ಟುಡಿಯೋ ಎಂದರೆ ತೂತುಗಳ ಹಲಗೆ ಹೊಡೆದ ಗೋಡೆಯ ಕೋಣೆ. ಬಾಗಿಲ ಮೇಲೆ ಕೆಂಪು ದೀಪ ಹತ್ತಿದರೆ ಯಾರೂ ಕೆಮ್ಮುವಂತಿಲ್ಲ. ಮೊದಲ ದಿನವೇ ನನ್ನ ಕೈಯ ಗಾಜಿನ ಬಳೆ ಸದ್ದು ಮಾಡಿದವು. ಅಕ್ಕ ಬಳೆ ತೆಗೆದಿಡಲು ಹೇಳಿದರು. ತೆಗೆದಿಟ್ಟು ಹಾಡಿದೆ, ತಿರುಗಿ ಬರುವಾಗ ಎರಡು ಒಡೆದವು. ಉಳಿದವನ್ನು ತೊಡದೆ ಬರಿಗೈಯಲ್ಲಿ ಮನೆಗೆ ಬಂದದ್ದನ್ನು ನೋಡಿ ಆಯಿ ಬಾಗಿಲಲ್ಲೇ ಕೂತುಬಿಟ್ಟಳು. ಅಜ್ಜ ಸತ್ತ ದಿನ ಅವಳ ಬಳೆ ಒಡೆದದ್ದು; ಅಲ್ಲಿಂದ ಅವಳ ಕೈ ಬರಿದೇ. ಮನೆಯಲ್ಲಿ ತನ್ನ ಕೈ ಒಂದು ಬರಿದಾದದ್ದು ಸಾಲದೇ ಎಂದು ಅಪ್ಪನನ್ನು ಕೇಳಿದಳು.

ಮುಂದಿನ ಶನಿವಾರ ನಸುಕಿನಲ್ಲಿ ಆಯಿ ತನ್ನ ಹಳೆಯ ಸೀರೆಯ ಸೆರಗಿನಿಂದ ಎರಡು ಪಟ್ಟಿ ಹರಿದಳು. ನನ್ನ ಬಳೆಗಳನ್ನು ಒಟ್ಟಾಗಿ ಮೇಲಕ್ಕೆ ಸರಿಸಿ, ಒಂದೊಂದರ ಸಂದಿಯಲ್ಲಿ ಅರಿವೆ ತೂರಿಸಿ ಸುತ್ತಿ, ಒಳಗೈ ಬದಿಗೆ ಗಂಟು ಹಾಕಿದಳು. ಕೈ ಜಾಡಿಸು ಎಂದಳು. ಜಾಡಿಸಿದೆ. ಒಂದಿಷ್ಟೂ ಸದ್ದಿಲ್ಲ. ಅಲ್ಲಿಂದ ನಾಲ್ಕು ವರ್ಷ ಪ್ರತಿ ಶನಿವಾರ ಅದೇ ಕೆಲಸ. ತಾನು ಕೇಳಲಾಗದ ಹಾಡಿಗೆ ತನ್ನ ಪಾಲಿನ ಕೆಲಸವನ್ನು ಅವಳು ಒಂದು ಶನಿವಾರವೂ ತಪ್ಪಿಸಲಿಲ್ಲ.

ನನಗೆ ಹದಿಮೂರು ಹತ್ತಿರ ಬಂದ ವರ್ಷ ಆಯಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಅವ್ವ ಗಂಜಿ ಕಾಯಿಸುತ್ತಿದ್ದಾಗ ನನ್ನನ್ನು ಕರೆದಳು.

"ನಾ ಸತ್ತ ದಿನ ನನ್ನ ಪಡಸಾಲ್ಯಾಗ ಕುಂಡ್ರಸ್ತಾರ," ಎಂದಳು. "ಆವಾಗ ನೀ ಮುಂದ ಕುಂತು ನಮ್ಮ ಬೀಸೂ ಪದ ಹಾಡು. ಚಾವಡಿಗಿ ಬರಾಕ ನನಗಂತೂ ಆಗಲಿಲ್ಲ. ನೀನ ನನ್ನ ಮುಂದ ಬಾ."

ಹಾಡುತ್ತೇನೆ ಎಂದೆ. ಈಗಲೇ ಹಾಡಲೇ ಎಂದು ಕೇಳಿದೆ. ಬೇಡ, ನಿಮ್ಮಪ್ಪ ಬೈತಾನ, ಆ ದಿನ ಯಾರೂ ಬೈಯುವುದಿಲ್ಲ ಎಂದಳು. ನಾನು ಹೂಂ ಎಂದು ಎದ್ದುಹೋದೆ. ಅವಳು ಬೇಡ ಎಂದರೂ ಕೂತು ಹಾಡಬೇಕಿತ್ತು. ಆಗ ಅದು ತಿಳಿಯಲಿಲ್ಲ.

ಆಯಿ ತೀರಿಕೊಂಡದ್ದು ಒಂದು ಶುಕ್ರವಾರ ಬೆಳಗು ಹರಿಯುವಾಗ. ಮೈ ತೊಳೆದು, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಮುಂದೆ ಬೀಳದಂತೆ ಎದೆಗೆ ಸುತ್ತಿದ ಪಟ್ಟಿಯನ್ನು ಗೂಟಕ್ಕೆ ಕಟ್ಟಿದರು. ವೇಳಾಪತ್ರಿಕೆ ಅವಳ ತಲೆಯ ಮೇಲ್ಗಡೆ ಬಂತು. ಭಜನೆಯವರು ತಾಳ ಹಿಡಿದು ಒಂದು ಬದಿಗೆ ಕೂತರು. ಹತ್ತರ ಹೊತ್ತಿಗೆ ತಿರ್ಲಾಪುರದ ಅತ್ತೆ ಬಂದಳು. ಅತ್ತೆ ಅಂದರೆ ಆಯಿಯ ಮಗಳು, ಅಪ್ಪನ ಅಕ್ಕ. ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ. ಸತ್ತವರ ಗುಣ, ಉಂಡದ್ದು, ಉಟ್ಟದ್ದು, ಪಟ್ಟದ್ದು ಎಲ್ಲವನ್ನೂ ರಾಗ ಎಳೆದು ಹಾಡಿ ಅಳುತ್ತಾರೆ. ಅತ್ತೆ ಅಂಗಳದಿಂದಲೇ ಹಾಡುತ್ತ ಒಳಗೆ ಬಂದಳು. ಭಜನೆಯವರು ತಾಳ ನಿಲ್ಲಿಸಿದರು. ನಾನು ಎದ್ದು ಆಯಿಯ ಮುಂದೆ ಹೋಗಿ ಕೂತೆ.

ಅಪ್ಪ ನನ್ನ ಭುಜ ಹಿಡಿದು ಅಡುಗೆ ಮನೆಗೆ ಕರೆದುಕೊಂಡು ಹೋದರು. ತಂಬಿಗೆಯಿಂದ ಬಿಸಿ ನೀರು ಬಗ್ಗಿಸಿ ಕೊಟ್ಟರು.

"ನಾಳಿ ರಿಕಾರ್ಡಿಂಗ್ ಐತಿ," ಎಂದರು. "ಹಾಡ್ಯಾಡಿಕೊಂಡು ಅತ್ತರ ದನಿ ಕುಂಡ್ರತೈತಿ. ಬಾಯಿ ಮುಚ್ಚಿಕೊಂಡು ಎಷ್ಟು ಬೇಕಾದರೂ ಅಳು."

ಆಯಿಗೆ ಮಾತು ಕೊಟ್ಟಿದ್ದೇನೆ ಎಂದೆ.

"ನನಗೂ ಆಕಿ ತಾಯಿ," ಎಂದರು ಅಪ್ಪ. "ನೀರು ಕುಡಿ."

ಕುಡಿದೆ. ಈ ಒಂದು ಶನಿವಾರ ಬಿಟ್ಟರೆ ಏನಾಗುತ್ತದೆ ಎಂದು ಕೇಳಬಹುದಿತ್ತು, ಕೇಳಲಿಲ್ಲ. ನಮ್ಮ ಮನೆಯಲ್ಲಿ ವೇಳಾಪತ್ರಿಕೆಯನ್ನು ಯಾರೂ ಯಾಕೆ ಎಂದು ಕೇಳಿರಲಿಲ್ಲ. ಹೊರಗೆ ಬಂದು ಕಂಬದ ಹತ್ತಿರ, ಅವ್ವನ ಹಿಂದೆ ಕೂತೆ. ಅತ್ತೆ ಹಾಡುತ್ತಲೇ ಇದ್ದಳು. ಆಯಿ ಹುಡುಗಿಯಾಗಿದ್ದಾಗ ದನ ಹುಡುಕಲು ಹೋಗಿ ಎರಿ ಹೊಲದ ಕೆಸರಿನಲ್ಲಿ ಹೂತದ್ದು, ಆರು ಹೆತ್ತು ಎರಡನ್ನು ಉಳಿಸಿಕೊಂಡದ್ದು. ನಡುವೆ ಉಸಿರಿಗೆ ನಿಂತು ಅತ್ತೆ ನನ್ನ ಕಡೆ ತಿರುಗಿದಳು.

"ಏನಬೇ, ಊರಿಗೆಲ್ಲಾ ಹಾಡತೀ. ನಿನ್ನ ಎತ್ತಿ ಆಡಿಸಿದಾಕಿಗೆ ಎರಡು ಸಾಲು ಇಲ್ಲೇನ?"

ಓಣಿಯ ಹೆಣ್ಣುಮಕ್ಕಳೆಲ್ಲ ನನ್ನನ್ನು ನೋಡಿದರು. ಅಪ್ಪ ಬಾಗಿಲ ಹತ್ತಿರ ನಿಂತಿದ್ದರು. ಕೈಯಲ್ಲಿ ಗಡಿಯಾರ, ಕಣ್ಣು ನನ್ನ ಮೇಲೆ. ನಾನು ತುಟಿಯನ್ನು ಹಲ್ಲಿನಿಂದ ಹಿಡಿದು ತಲೆ ತಗ್ಗಿಸಿದೆ. ಅತ್ತೆ ಮತ್ತೆ ಆಯಿಯ ಕಡೆ ತಿರುಗಿ, ನಿನ್ನ ಮೊಮ್ಮಗಳ ಬಾಯಿಗೆ ಸರಕಾರದವರು ಕೀಲಿ ಹಾಕಿದ್ದಾರೆ ಎಂಬುದನ್ನೂ ಹಾಡಿನಲ್ಲಿ ಸೇರಿಸಿಕೊಂಡಳು. ಸಂಜೆ ಐದಕ್ಕೆ ಆಯಿಯನ್ನು ಹೊತ್ತುಕೊಂಡು ಹೋದರು. ಅಲ್ಲಿಯವರೆಗೆ, ಅಂದರೆ ಏಳು ತಾಸು, ನಾನು ಅವಳ ಎದುರಿಗೇ ಇದ್ದೆ.

ಮರುದಿನ ಮುಂಜಾನೆ ಹೊರಟು ನಿಂತಾಗ ಅವ್ವ ಒಂದೇ ಮಾತು ಕೇಳಿದಳು, ಮಣ್ಣು ಇನ್ನೂ ಹಸಿ ಇದೆಯಲ್ಲ ಎಂದು. ನಮ್ಮ ಧರ್ಮದಲ್ಲಿ ಸೂತಕವಿಲ್ಲ ಎಂದರು ಅಪ್ಪ. ಅದು ಖರೆಯೇ, ನಮ್ಮವರು ಸೂತಕ ಹಿಡಿಯುವುದಿಲ್ಲ. ಆದರೆ ಆ ಮಾತನ್ನು ಬಸ್ಸು ಹಿಡಿಯುವುದಕ್ಕೆ ಬಳಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಳೆಗೆ ಅರಿವೆ ಸುತ್ತುವವರು ಇರಲಿಲ್ಲ. ಪಟ್ಟಿಗಳು ಆಯಿಯ ದಿಂಬಿನ ಕೆಳಗೆ ಮಡಚಿಟ್ಟಲ್ಲೇ ಇದ್ದವು. ರೈಲಿನಲ್ಲಿ ನಾನೇ ಸುತ್ತಿಕೊಂಡೆ. ಒಂದು ಕೈಯಿಂದ ಗಂಟು ಹಾಕಲು ಬರಲಿಲ್ಲ, ಹಲ್ಲಿನಿಂದ ಎಳೆದೆ, ಸಡಿಲಾಯಿತು. ಅಪ್ಪನನ್ನು ಕೇಳಲಿಲ್ಲ. ಅವರು ಕಿಟಕಿಯ ಹೊರಗೆ ಹತ್ತಿಯ ಹೊಲ ನೋಡುತ್ತ ಕೂತಿದ್ದರು. ಪೆನ್ಸಿಲನ್ನು ಬ್ಲೇಡಿನಿಂದ ಹೆರೆಯುತ್ತಿದ್ದರು. ಹುಬ್ಬಳ್ಳಿ ಬರುವ ಹೊತ್ತಿಗೆ ಅದು ಬೆರಳಿನಷ್ಟು ಉಳಿದಿತ್ತು.

ಸ್ಟುಡಿಯೋದ ಹೊರಗಿನ ಬೆಂಚಿನ ಮೇಲೆ ಒಬ್ಬ ಸಣ್ಣ ಹುಡುಗಿ ಅವಳ ತಾಯಿಯ ಜೊತೆ ಕೂತಿದ್ದಳು. ಏಳು ವರ್ಷವಿರಬೇಕು, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಕೈಯಲ್ಲಿ ನಾಟಕದ ಹಾಳೆ. ಅಕ್ಕ ಹೊರಗೆ ಬಂದವರು ನಮ್ಮನ್ನು ನೋಡಿ ನಿಂತರು.

"ನಾವು ಬರೆದ ಕಾರ್ಡ್ ಮುಟ್ಟಲಿಲ್ಲೇನ್ರಿ ಮಾಸ್ತರ್ರ?"

"ಮುಟ್ಟೈತ್ರಿ," ಎಂದರು ಅಪ್ಪ. "ಸೋಮವಾರನ ಮುಟ್ಟೈತಿ. ಆದರೂ ಒಮ್ಮೆ ಕೇಳಿ ನೋಡ್ರಿ."

ಇದು ನನಗೆ ಗೊತ್ತಿರಲಿಲ್ಲ. ತಂಗಿಯ ಪಾತ್ರಕ್ಕೆ ಈ ದನಿ ದೊಡ್ಡದಾಯಿತು, ಬೇರೆ ಮಗುವನ್ನು ತೆಗೆದುಕೊಂಡಿದ್ದೇವೆ, ಇಷ್ಟು ದಿನ ಬಂದದ್ದಕ್ಕೆ ಉಪಕಾರ, ಎಂದು ಆ ಕಾರ್ಡಿನಲ್ಲಿತ್ತು. ಅಪ್ಪ ಅದನ್ನು ವಹಿಯೊಳಗೆ ಇಟ್ಟುಕೊಂಡು ಐದು ದಿನ ಯಾರಿಗೂ ಹೇಳದೆ, ಒಂದು ತಾಸಿನ ಸಾಧನೆಯನ್ನು ಒಂದೂವರೆ ತಾಸು ಮಾಡಿದ್ದರು. ಯಾಕೆ ಹೆಚ್ಚಾಯಿತು ಎಂದು ನಾನು ಆಗಲೂ ಕೇಳಿರಲಿಲ್ಲ.

ಅಕ್ಕ ಒಳ್ಳೆಯವರು. ಆಗಲಿ ಎಂದು ಒಳಗೆ ಕರೆದರು. ಕೆಂಪು ದೀಪ ಹತ್ತಿಸಲಿಲ್ಲ. ನಾನು ಮೈಕಿನ ಮುಂದೆ ನಿಂತು ಆ ನಾಲ್ಕು ಸಾಲು ಹಾಡಿದೆ. ದನಿ ಕೂತಿರಲಿಲ್ಲ. ಚಲೋ ಹಾಡಿದೆ, ಒಂದು ತಪ್ಪೂ ಇರಲಿಲ್ಲ. ಮೂರನೆಯ ಸಾಲಿನಲ್ಲಿ ಎಡಗೈಯ ಗಂಟು ಬಿಚ್ಚಿ ಬಳೆ ಸದ್ದಾದವು. ಯಾರೂ ಬೇಡ ಎನ್ನಲಿಲ್ಲ. ಇದನ್ನು ಯಾರೂ ರಿಕಾರ್ಡ್ ಮಾಡುತ್ತಿಲ್ಲ ಎಂದು ಆಗಲೇ ನನಗೆ ತಿಳಿಯಿತು.

"ಭಾಳ ಚಂದ ಹಾಡಿದಿ," ಎಂದರು ಅಕ್ಕ. "ಆದರ ಇದು ಸಣ್ಣ ಹುಡಿಗಿ ದನಿ ಅಲ್ಲವಾ. ಅದರಾಗ ಯಾರದೂ ತಪ್ಪಿಲ್ಲ."

ಬರುವಾಗ ಆ ಸಣ್ಣ ಹುಡುಗಿ ನನ್ನ ಕೈಗೆ ಗಾಯವಾಗಿದೆಯೇ ಎಂದು ಕೇಳಿದಳು. ಇಲ್ಲ ಎಂದು ಅರಿವೆ ಬಿಚ್ಚಿ ಪಾಟಿ ಚೀಲದೊಳಗೆ ಇಟ್ಟೆ. ತಿರುಗಿ ಬರುವಾಗ ಅಣ್ಣಿಗೇರಿಯಲ್ಲಿ ಆ ಚಹಾದವನು, ಇವತ್ತು ತಂಗಿ ಏನು ಪ್ರಶ್ನೆ ಕೇಳಿದಳು ಎಂದ. ಅಪ್ಪ ಎರಡು ಚಹಾಕ್ಕೆ ಹೇಳಿ ದುಡ್ಡು ಕೊಟ್ಟು ಒಂದನ್ನು ಚೆಲ್ಲಿದರು. ನನಗೆ ಚಹಾ ಕುಡಿಯುವ ಅಪ್ಪಣೆ ಇನ್ನೂ ಇರಲಿಲ್ಲ. ಕೊಡಿಸುವುದೋ ಬೇಡವೋ ಅವರಿಗೇ ತಿಳಿಯಲಿಲ್ಲ ಎಂದು ಕಾಣುತ್ತದೆ.

ಭಾನುವಾರ ಮೂರನೆಯ ದಿನ. ಮಣ್ಣಿಗೆ ಹಾಲು ಎರೆಯಲು ಎಲ್ಲರೂ ಹೋಗಬೇಕು, ಹೆಣ್ಣುಮಕ್ಕಳೂ. ಅದೊಂದು ದಿನ ಮಾತ್ರ ಹಿಂದಿನ ಓಣಿಯಿಂದ ಸುತ್ತಿ ಹೋಗುವಂತಿಲ್ಲ. ಆಯಿಯನ್ನು ಹೊತ್ತ ದಾರಿಯಲ್ಲೇ, ಚಾವಡಿಯ ಮುಂದೆ ಹಾಯ್ದು ಹೋಗಬೇಕು. ಒಂಬತ್ತರ ಹೊತ್ತು. ಚಾವಡಿಯ ಗೋಡೆಯಿಂದ ಒಂದು ಹುಡುಗಿಯ ದನಿ ಬರುತ್ತಿತ್ತು. ಹಿಂದಿನ ವಾರ ತುಂಬಿಕೊಂಡದ್ದು. ಇರುವೆಯ ಬಗ್ಗೆಯೋ ಏನೋ ಅಜ್ಜನನ್ನು ಕೇಳುತ್ತಿದ್ದಳು. ತೆಳುವಾದ, ಒಣ ದನಿ. ಅದು ನನ್ನದೆಂದು ತಿಳಿಯಲು ನನಗೆ ನಾಲ್ಕು ಹೆಜ್ಜೆ ಹಿಡಿದವು. ನನಗಿಂತ ಮೊದಲು ಅತ್ತೆಗೆ ತಿಳಿದು ಅವಳು ನನ್ನ ಕೈ ಹಿಡಿದಳು. ಅಷ್ಟರಲ್ಲಿ ಕಟ್ಟೆಯ ಮೇಲಿದ್ದವರು ಹಾಲಿನ ಗಿಂಡಿ ಹಿಡಿದ ನಮ್ಮನ್ನು ನೋಡಿ ಎದ್ದು ನಿಂತರು. ಒಬ್ಬರು ಮರ್ಯಾದೆಗಾಗಿ ರೇಡಿಯೋ ಬಂದ್ ಮಾಡಿದರು.

ನನ್ನ ಆ ದನಿಯನ್ನು ನಾನು ಕೇಳಿದ್ದು ಅಷ್ಟೇ, ಒಂದು ಹತ್ತು ಹೆಜ್ಜೆಯ ಹೊತ್ತು.

ಮಣ್ಣಿನ ಮೇಲೆ ಹಾಲು ಎರೆದು, ವಿಭೂತಿ ಚೆಲ್ಲಿ, ಎಲ್ಲರೂ ಸುಮ್ಮನೆ ನಿಂತಾಗ ಅಪ್ಪ ನನ್ನ ಹತ್ತಿರ ಬಂದರು. ಗಡಿಯಾರ ನೋಡಿಕೊಳ್ಳಲಿಲ್ಲ. ಹಿಂದಿನ ದಿನದಿಂದ ಮಾತಾಡದೆ ಇದ್ದದ್ದಕ್ಕೋ ಏನೋ, ಅವರ ದನಿಯೇ ಕೂತಿತ್ತು.

"ಈಗ ಹಾಡವಾ," ಎಂದರು. "ಇನ್ನ ದನಿ ಕಾಯೂದರಾಗ ಏನೈತಿ."

ಅತ್ತೆ ಸರಿದು ನನಗೆ ಮುಂದೆ ಜಾಗ ಮಾಡಿದಳು. ಅವಳೂ ಈಗ ಕುಟುಕು ಮಾತಾಡಲಿಲ್ಲ. ಪದದ ಮೊದಲ ಸಾಲು ನನ್ನ ನಾಲಿಗೆಯ ಮೇಲಿತ್ತು. ಹಾಡಿದ್ದರೆ ಆಗುತ್ತಿತ್ತು. ಎರಡು ದಿನ ತಡ, ಅಷ್ಟೇ. ಆಯಿ ತಡಕ್ಕೆ ಸಿಟ್ಟಾಗುವವಳಲ್ಲ. ಆದರೆ ಹಾಡು ಎಂದವರು ಅಪ್ಪ. ಮುಚ್ಚು ಎಂದಾಗ ಮುಚ್ಚಿದ ಬಾಯನ್ನು ತೆರೆ ಎಂದಾಗ ತೆರೆಯಬಾರದು ಎಂದು ನನಗೆ ಅನ್ನಿಸಿತು. ಹನ್ನೆರಡು ವರ್ಷದಲ್ಲಿ ಅಪ್ಪನಿಗೆ ನಾನು ಕೊಟ್ಟ ಮೊದಲ ಎದುರುತ್ತರ ಅದು, ಒಂದು ಮಾತೂ ಇಲ್ಲದೆ. ತುಟಿ ಬಿಗಿಹಿಡಿದು ನಿಂತೆ. ಅಪ್ಪ ತಾವೇ ಗಿಂಡಿ ಎತ್ತಿಕೊಂಡು ಮುಂದೆ ನಡೆದರು.

ಶುಕ್ರವಾರ ಆಯಿಗೆ ಹಾಡು ತಪ್ಪಿಸಿದವರು ಅಪ್ಪ. ಭಾನುವಾರ ತಪ್ಪಿಸಿದವಳು ನಾನು. ಬಹಳ ವರ್ಷ ನಾನು ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ.

ಸೋಮವಾರ ರೂಢಿಯಂತೆ ನಾಲ್ಕೂ ಮುಕ್ಕಾಲಿಗೆ ಎಚ್ಚರವಾಯಿತು. ಅಪ್ಪನೂ ಎದ್ದು ಶಾಲೆಯ ಕೀಲಿ ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಕೂತಿದ್ದರು. ವೇಳಾಪತ್ರಿಕೆ ಗೋಡೆಯ ಮೇಲೆ ಇದ್ದಂತೆಯೇ ಇತ್ತು. ಒಳಗೆ ಅವ್ವ ಬೀಸುಕಲ್ಲಿನ ಮುಂದೆ ಕೂತು ಬೇಳೆ ಒಡೆಯುತ್ತಿದ್ದಳು. ಅವಳಿಗೆ ಪದ ಬರುತ್ತಿರಲಿಲ್ಲ, ಕಲ್ಲು ಮಾತ್ರ ತಿರುಗುತ್ತಿತ್ತು. ನಾನು ಅಪ್ಪನ ಎದುರಿಗೆ ಹೋಗಿ ಕೂತೆ. ಆರು ಹೊಡೆಯುವ ತನಕ ಇಬ್ಬರೂ ಹಾಗೆಯೇ ಕೂತಿದ್ದೆವು. ಆರಕ್ಕೆ ಗಣಿತ ತೆಗೆದೆ.